ಹದಿನಾಲ್ಕನೆಯ ಕಾಲಮ್ಮಿನ ಪ್ರವಾಸಿ

ನಮ್ಮ ಊರಿಗೆ ಸಾಲ ಕೊಡಲು ಒಂದು ಅಭಿವೃದ್ಧಿ ಬ್ಯಾಂಕು ಮುಂದೆ ಬಂದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೆಂಡತಿಯ ಅಣ್ಣನನ್ನು ನಾನು ಸರ್ಕಾರಿ ಕಾಗದದ ಮೇಲೆ ಏಕೆ ಬರೆದೆ ಎಂಬುದು ಯಾರಿಗೂ ಅರ್ಥವಾಗುವುದಿಲ್ಲ. ಅರ್ಥವಾದ ಮೇಲೂ ಕ್ಷಮಿಸುವವರು ಕಡಿಮೆ.

ಇದು ನಾವು ನೀವು ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಲ್ಲುವ ಬ್ಯಾಂಕಲ್ಲ. ಹಿಂದುಳಿದ ಪ್ರದೇಶಗಳನ್ನು ಹುಡುಕಿಕೊಂಡು ಹೋಗಿ, ರಸ್ತೆಗೋ ನೀರಿಗೋ ಸಾಲ ಕೊಟ್ಟು ಮುಂದಕ್ಕೆ ತಳ್ಳುವ ದೊಡ್ಡ ಬ್ಯಾಂಕು. ಆ ವರ್ಷ ಅದಕ್ಕೆ ಪ್ರವಾಸೋದ್ಯಮದ ಮೇಲೆ ಮನಸ್ಸಾಗಿತ್ತು. ನಮ್ಮಲ್ಲಿ ಒಂದು ಸರೋವರವಿದೆ. ಹಿಂದುಳಿದಿರುವ ವಿಷಯದಲ್ಲಂತೂ ನಾವು ಯಾರಿಗೂ ಕಡಿಮೆಯಿಲ್ಲ. ಸರೋವರದ ದಡದಲ್ಲಿ ಒಂದು ದೋಣಿಕಟ್ಟೆ, ಓಡಾಡಲು ಕಲ್ಲಿನ ದಾರಿ, ಕೂರಲು ಬೆಂಚು, ನಾಲ್ಕು ಶೌಚಾಲಯ. ಇದು ಯೋಜನೆ.

ಪುರಸಭೆಯಲ್ಲಿ ನಾನು ಅಂಕಿಅಂಶದ ಗುಮಾಸ್ತ. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಅರ್ಧ ಪಾಠ ತೂಕಡಿಕೆಯಲ್ಲಿ ಹೋದದ್ದರಿಂದ, ಯಾವ ಲೆಕ್ಕವನ್ನೂ ಮೂರು ಸಲ ಕೂಡಿ ನೋಡದೆ ನನಗೆ ಧೈರ್ಯ ಬರುವುದಿಲ್ಲ. ನನ್ನ ಹುದ್ದೆ ತಾತ್ಕಾಲಿಕ. ಹನ್ನೊಂದು ವರ್ಷಗಳಿಂದ ತಾತ್ಕಾಲಿಕ. ಆರು ತಿಂಗಳಿಗೊಮ್ಮೆ ಮುಖ್ಯಾಧಿಕಾರಿಗಳು, ಅಂದರೆ ನಮ್ಮ ಸಾಹೇಬರು, ಆದೇಶಕ್ಕೆ ಸಹಿ ಹಾಕಬೇಕು. ಆ ವಾರವೆಲ್ಲ ನನಗೆ ಊಟ ಸೇರುವುದಿಲ್ಲ. ಸಾಲ ಮಂಜೂರಾದರೆ ಯೋಜನೆಗೆ ಒಬ್ಬ ಖಾಯಂ ಗುಮಾಸ್ತ ಇರಲೇಬೇಕೆಂದು ಬ್ಯಾಂಕಿನ ಷರತ್ತು. "ಸಾಲ ಬಂದ್ರೆ ನೀನು ಖಾಯಂ, ಬರದಿದ್ರೆ ಆ ಕುರ್ಚೀನೂ ಇಲ್ಲ," ಎಂದು ಸಾಹೇಬರು ಹೇಳಿಯಾಗಿತ್ತು. ಹೀಗಾಗಿ ಬ್ಯಾಂಕಿನ ನಮೂನೆಯನ್ನು ನನ್ನಷ್ಟು ಭಯಭಕ್ತಿಯಿಂದ ಓದಿದವರು ಇನ್ನೊಬ್ಬರಿರಲಾರರು.

ಹದಿಮೂರು ಕಾಲಮ್ಮುಗಳು ಸುಸೂತ್ರವಾಗಿ ತುಂಬಿದವು. ಹದಿನಾಲ್ಕನೆಯದು: ಸದ್ಯ ಊರಿನಲ್ಲಿ ತಂಗಿರುವ ಪ್ರವಾಸಿಗರ ಸಂಖ್ಯೆ, ಮತ್ತು ಅವರು ಸರಾಸರಿ ಎಷ್ಟು ರಾತ್ರಿ ತಂಗುತ್ತಾರೆ.

"ಐದು ಸಾವಿರ ಅಂತ ಬರಿ," ಎಂದರು ಸಾಹೇಬರು.

"ಎಣಿಸದೆ ಹೇಗೆ ಸರ್?"

"ಎಣಿಸಿದ್ರೆ ಐದು ಸಾವಿರ ಬರುತ್ತಾ?"

ಅವರ ಮಾತು ನಿಜ. ಆದರೂ ನಾನು ಚೀಲ ಹೆಗಲಿಗೆ ಹಾಕಿಕೊಂಡು ಎಣಿಸಲು ಹೊರಟೆ. ಊರಿನ ಒಂದೇ ಒಂದು ಲಾಡ್ಜಿನ ಯಜಮಾನ ತನ್ನ ಆರೂ ಕೋಣೆಗಳ ಬಾಗಿಲು ತೆಗೆದು ತೋರಿಸಿದ. ಆರರಲ್ಲೂ ಸಿಮೆಂಟಿನ ಮೂಟೆ. "ಕೊನೇ ಗಿರಾಕಿ ಒಬ್ರು ಆಡಿಟರು," ಎಂದ. "ಅವ್ರು ಹೋದ ಮೇಲೆ ಕೋಣೆಗಳನ್ನ ಸಿಮೆಂಟಿಗೇ ಬಾಡಿಗೆಗೆ ಕೊಟ್ಟಿದೀನಿ. ಮೂಟೆಗಳು ಬಿಸಿನೀರು ಕೇಳಲ್ಲ ನೋಡಿ." ಅಲ್ಲಿಂದ ಮನೆಮನೆಗೂ ಹೋದೆ. ಮಕ್ಕಳು ಪರೀಕ್ಷೆಗೆ ಓದುವ ಕಾಲ, ಯಾರ ಮನೆಯಲ್ಲೂ ನೆಂಟರಿಲ್ಲ. ಒಂದು ವಾರದ ಎಣಿಕೆಯ ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಸೊನ್ನೆ.

ಸೊನ್ನೆ ಬರೆಯುವುದಕ್ಕೂ ನಾನು ಸಿದ್ಧನಿದ್ದೆ. ಆದರೆ ಬ್ಯಾಂಕಿನ ಕಂಪ್ಯೂಟರ್ ಹಾಳೆ ಸೊನ್ನೆಯನ್ನು ಉಗುಳಿಬಿಟ್ಟಿತು. ಸೊನ್ನೆಯ ಮೇಲೆ ಶೇಕಡಾ ಎಷ್ಟು ಬೆಳವಣಿಗೆ ಎಂದು ಯಾರೂ ಹೇಳಲಾರರು. ಸಂಜೆ ಕಾಲೇಜಿನಲ್ಲಿ ನಾನು ಎಚ್ಚರವಾಗಿದ್ದಾಗ ಕೇಳಿದ ಪಾಠ ಅದೊಂದೇ.

ಆ ಸಂಜೆ ಬ್ಯಾಂಕಿನ ಕೈಪಿಡಿಯನ್ನು ಊಟದ ಮೇಜಿಗೇ ತಂದಿಟ್ಟುಕೊಂಡು ಓದುತ್ತಿದ್ದೆ. ನಲವತ್ತೊಂದನೆಯ ಪುಟದಲ್ಲಿ ಪ್ರವಾಸಿ ಎಂದರೆ ಯಾರು ಎಂದು ವಿವರಿಸಿದ್ದರು. ತನ್ನ ವಾಸಸ್ಥಳವನ್ನು ಬಿಟ್ಟು ಬಂದವನು. ಒಂದು ರಾತ್ರಿಗಿಂತ ಕಡಿಮೆಯಿಲ್ಲದೆ, ಒಂದು ವರ್ಷಕ್ಕಿಂತ ಹೆಚ್ಚಿಲ್ಲದೆ ತಂಗುವವನು. ಬಂದ ಊರಿನಲ್ಲಿ ಸಂಬಳಕ್ಕಾಗಿ ಯಾವ ಕೆಲಸವನ್ನೂ ಮಾಡದವನು. ಬಂಧುಗಳ ಮನೆಯಲ್ಲಿ ತಂಗುವವರೂ ಇದರಲ್ಲಿ ಸೇರುತ್ತಾರೆ.

"ಪುಟ್ಟೀ, ಇನ್ನೊಂದು ಸೌಟು ಹಾಕಮ್ಮ," ಎಂದಿತು ಎದುರಿನಿಂದ ಒಂದು ದನಿ.

ನಾನು ಕೈಪಿಡಿಯಿಂದ ತಲೆಯೆತ್ತಿದೆ.

ಎದುರಿಗೆ ನನ್ನ ಭಾವ, ಹೆಂಡತಿಯ ಅಣ್ಣ, ತಟ್ಟೆ ಮುಂದೆ ಚಾಚಿಕೊಂಡು ಕುಳಿತಿದ್ದರು. ತಮ್ಮ ಊರಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವರು. ನಮ್ಮೂರಿನ ದಂತವೈದ್ಯರ ಕೈಗುಣ ಚೆನ್ನಾಗಿದೆಯೆಂದು ಹಲ್ಲು ಕೀಳಿಸಲು ನಾಲ್ಕು ದಿನಕ್ಕೆಂದು ಬಂದವರು. ಏಳು ತಿಂಗಳಾಗಿತ್ತು. ಮುಂದಿನ ಕೋಣೆ ಅವರದು. ಅಲ್ಲಿ ಓದುತ್ತಿದ್ದ ನಮ್ಮ ಮಗಳು ಈಗ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಿನ ನಡುವೆ ರಸಾಯನಶಾಸ್ತ್ರ ಓದುತ್ತಿದ್ದಳು. ನಾನು ವ್ಯಾಖ್ಯೆಯ ಒಂದೊಂದೇ ಮಾತನ್ನು ಭಾವನ ಪಕ್ಕಕ್ಕಿಟ್ಟು ನೋಡಿದೆ. ವಾಸಸ್ಥಳ ಬಿಟ್ಟು ಬಂದದ್ದು, ಹೌದು. ವರ್ಷದೊಳಗೆ, ಹೌದು. ಯಾವ ಕೆಲಸವನ್ನೂ ಮಾಡದಿರುವುದು ಎಂಬಲ್ಲಿಗೆ ಬಂದಾಗ ನನ್ನ ಕಣ್ಣು ಮಂಜಾಯಿತು. ಅಳತೆ ಕೊಟ್ಟು ಹೊಲಿಸಿದ ಅಂಗಿಯೂ ಹಾಗೆ ಕೂರುವುದಿಲ್ಲ.

ಮೂರು ಸಲ ಕೂಡಿ ನೋಡಿ ಬರೆದೆ: ಪ್ರವಾಸಿಗರು, ಒಬ್ಬರು. ಸರಾಸರಿ, ಇನ್ನೂರ ಹದಿನಾಲ್ಕು ರಾತ್ರಿ. ಸಾಹೇಬರು ಕಾಗದವನ್ನು ಓದದೆ ಸಹಿ ಹಾಕಿದರು. ಓದದೆ ಸಹಿ ಹಾಕುವುದು ಅವರ ವಿಶ್ವಾಸದ ಲಕ್ಷಣ.

ಇಪ್ಪತ್ತು ದಿನದಲ್ಲಿ ಉತ್ತರ ಬಂತು. ಸಾಹೇಬರು ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ಕಾಗದವನ್ನು ಗಟ್ಟಿಯಾಗಿ ಓದಿದರು. ಹೆಸರಾಂತ ಸಮುದ್ರತೀರಗಳಲ್ಲೂ ಪ್ರವಾಸಿಗರು ಐದಾರು ರಾತ್ರಿಗಿಂತ ಹೆಚ್ಚು ನಿಲ್ಲುವುದಿಲ್ಲ. ತಮ್ಮ ಊರಿನಲ್ಲಿ ಇನ್ನೂರ ಹದಿನಾಲ್ಕು ರಾತ್ರಿ ನಿಂತಿದ್ದಾರೆಂದರೆ ಅಲ್ಲಿ ಅಪೂರ್ವವಾದ ಆಕರ್ಷಣೆಯೇನೋ ಇರಬೇಕು. ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವಾರದಲ್ಲಿ ಬಂದು ಆ ಪ್ರವಾಸಿಯನ್ನು ಸಂದರ್ಶಿಸುತ್ತಾರೆ. ಸಂಗತಿ ದೃಢಪಟ್ಟರೆ ಸಾಲ ಖಂಡಿತ.

"ಯಾರಯ್ಯ ಅದು?" ಎಂದರು ಸಾಹೇಬರು, ಪಿಸುದನಿಯಲ್ಲಿ.

"ನನ್ನ ಹೆಂಡ್ತಿ ಅಣ್ಣ, ಸರ್."

ಸಾಹೇಬರು ಕುಳಿತುಕೊಂಡರು. ಆಮೇಲೆ ನೀರು ಕುಡಿದರು. "ಈಗ ಎಲ್ಲಿದಾರೆ?"

"ಮನೇಲೇ, ಸರ್. ಅವ್ರು ಯಾವಾಗ್ಲೂ ಮನೇಲೇ."

"ಹೋಗು. ಓಡು. ಅವ್ರು ಎಲ್ಲಿಗೂ ಹೋಗದ ಹಾಗೆ ನೋಡ್ಕೋ!"

ಅವರು ಹಾಗೆಂದ ಕೂಡಲೇ ನನಗೆ ಮನೆಯ ನೆನಪಾಯಿತು. ಅದೇ ಬೆಳಿಗ್ಗೆ ನನ್ನಾಕೆ ಕೊನೆಗೂ ಗಟ್ಟಿಮನಸ್ಸು ಮಾಡಿದ್ದಳು. "ಮಗಳ ಪರೀಕ್ಷೆ ಹತ್ರ ಬಂತು. ನನ್ನ ಒಡಹುಟ್ಟು, ನಾನೇ ಹೇಳ್ತೀನಿ. ಮಧ್ಯಾಹ್ನ ಊಟ ಆದ್ಮೇಲೆ ಹೇಳ್ತೀನಿ," ಎಂದಿದ್ದಳು. ನಾನು ಏಳು ತಿಂಗಳು ಕಾದ ಮಾತು ಅದು. ಗಡಿಯಾರ ನೋಡಿದೆ. ಊಟ ಮುಗಿಯುವ ಹೊತ್ತು.

ನಾನು ಓಡಿದ್ದನ್ನು ಬೀದಿಯವರೆಲ್ಲ ನೋಡಿದರು. ಬಾಗಿಲು ತಳ್ಳಿದಾಗ ಭಾವ ಬೆತ್ತದ ಕುರ್ಚಿಯಲ್ಲಿ ಒರಗಿದ್ದರು, ನನ್ನಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದುರಿಗೆ ನಿಂತಿದ್ದಳು.

"ಅಣ್ಣಾ, ಒಂದು ಮಾತು. ಬೇಜಾರು ಮಾಡ್ಕೋಬೇಡ..."

"ಬೇಡ!" ಎಂದು ಕೂಗಿದೆ.

"ಏನು ಬೇಡ?"

"ಆ ಮಾತು ಬೇಡ. ಭಾವ, ನೀವು ಆರಾಮಾಗಿ ಕೂತ್ಕೊಳ್ಳಿ. ದಿಂಬು ಕೊಡ್ಲಾ?"

ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು.

ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಮೊದಲು ಬಂದವನು ಲಾಡ್ಜಿನ ಯಜಮಾನ. ಹೊಸ್ತಿಲಲ್ಲೇ ನಿಂತು, ಊರಿನ ಏಕೈಕ ಪ್ರವಾಸಿಯನ್ನು ಪರವಾನಗಿ ಇಲ್ಲದೆ ಮನೆಯಲ್ಲಿಟ್ಟುಕೊಂಡಿರುವುದು ತನ್ನ ಹೊಟ್ಟೆಯ ಮೇಲೆ ಹೊಡೆದಂತೆ ಎಂದ. "ಕರ್ಕೊಂಡು ಹೋಗಪ್ಪ," ಎಂದಳು ನನ್ನಾಕೆ. ಮೂಟೆಗಳ ನೆನಪಾಗಿ ಅವನು ಬಂದ ದಾರಿ ಹಿಡಿದ. ಆಮೇಲೆ ಪಕ್ಕದ ಮನೆಯ ಟೈಲರಮ್ಮ. "ನಮ್ಮ ಮೈದುನಾನೂ ಏನೂ ಕೆಲ್ಸ ಮಾಡಲ್ಲ. ಅವ್ನನ್ನೂ ಬರ್ಕೊಳ್ಳಿ," ಎಂದಳು. ಎಣಿಕೆಯ ವಾರ ಮುಗಿದುಹೋಗಿದೆ, ಆಗ ಅವರು ಇಲ್ಲಿರಲಿಲ್ಲ ಎಂದೆ. "ನಿಮ್ಮ ಕಡೆಯೋರು ಮಾಡಿದ್ರೆ ಪ್ರವಾಸ, ನಮ್ಮೋರು ಮಾಡಿದ್ರೆ ಸೋಮಾರಿತನ!" ಎಂದು ಬಾಗಿಲು ಬಡಿದುಕೊಂಡು ಹೋದಳು. ಮಾರನೆಯ ದಿನ ದೋಣಿಯವನು ಭಾವನನ್ನು ಪುಕ್ಕಟೆಯಾಗಿ ಸರೋವರ ಸುತ್ತಿಸಿದ. ಸಾಹೇಬರು ತಮ್ಮ ಕಚೇರಿಯ ಫ್ಯಾನನ್ನು ಕಳಚಿ ನಮ್ಮ ಮುಂದಿನ ಕೋಣೆಗೆ ಕಳಿಸಿದರು.

ಭಾವನಿಗೆ ಇದಾವುದೂ ಆಶ್ಚರ್ಯವೆನಿಸಲಿಲ್ಲ. "ಈಗ್ಲಾದ್ರೂ ಜನಕ್ಕೆ ಬುದ್ಧಿ ಬಂತಲ್ಲ, ಲೆಕ್ಕದವ್ರೇ," ಎಂದರು. ನನ್ನನ್ನು ಅವರು ಕರೆಯುವುದೇ ಹಾಗೆ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಬ್ಯಾಂಕಿನಿಂದ ಸಂದರ್ಶನದ ಪ್ರಶ್ನೆಗಳು ಮುಂಚಿತವಾಗಿ ಬಂದವು. ಏಳನೆಯ ಪ್ರಶ್ನೆ: ತಾವು ತಮ್ಮ ಊರಿಗೆ ಹಿಂತಿರುಗುವುದು ಯಾವಾಗ? ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆ: ದಿನ ಹೇಳಲಾರದವರನ್ನು ಪ್ರವಾಸಿಯೆಂದು ಗಣಿಸತಕ್ಕದ್ದಲ್ಲ.

ಸಣ್ಣ ಅಕ್ಷರಗಳನ್ನು ಮೊದಲು ಓದುವುದು ನನ್ನ ಸ್ವಭಾವ. ಓದಿ ಸಾಹೇಬರ ಬಳಿಗೆ ಓಡಿದೆ. ಯಾಕೆಂದರೆ ಏಳು ತಿಂಗಳಲ್ಲಿ ನಮ್ಮ ಭಾವನ ಬಾಯಿಂದ ಹೊರಡದೆ ಉಳಿದ ಮಾತು ಅದೊಂದೇ. ದಿನ ಹೇಳದಿದ್ದರೆ ಅವರು ಪ್ರವಾಸಿಯಲ್ಲ, ನನ್ನ ಲೆಕ್ಕ ಸುಳ್ಳು. ಸುಳ್ಳು ಲೆಕ್ಕ ಕೊಟ್ಟ ತಾತ್ಕಾಲಿಕ ಗುಮಾಸ್ತನನ್ನು ಮನೆಗೆ ಕಳಿಸಲು ಆದೇಶವೂ ಬೇಕಾಗುವುದಿಲ್ಲ.

ಅಭ್ಯಾಸ ಶುರುವಾಯಿತು. ಸಾಹೇಬರೇ ಬ್ಯಾಂಕಿನ ಅಧಿಕಾರಿಯಾದರು. ನಮ್ಮ ಮುಂದಿನ ಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು ಕೇಳಿದರು: "ತಾವು ಊರಿಗೆ ಹಿಂತಿರುಗೋದು ಯಾವಾಗ?"

"ಹೋಗೋದೇನು ದೊಡ್ಡ ವಿಷ್ಯ ಬಿಡಿ," ಎಂದರು ಭಾವ.

"ದೊಡ್ಡದಲ್ಲ, ಸರಿ. ಯಾವಾಗ?"

"ಹೊರಟ್ರೆ ಹೊರಟ ಹಾಗೇನೇ."

"ಯಾವತ್ತು ಹೊರಡ್ತೀರಾ?"

"ಬಿಸಿಲು ನೋಡಿ ಹೆಂಗಿದೆ."

"ಸ್ವಾಮೀ, ಒಂದು ವಾರದ ಹೆಸರು ಹೇಳಿ! ಏಳರಲ್ಲಿ ಯಾವ್ದಾದ್ರೂ ಒಂದು!"

ಭಾವ ಬಹಳ ಹೊತ್ತು ಯೋಚಿಸಿದರು. ಎಲ್ಲರೂ ಮುಂದೆ ಬಾಗಿದೆವು. "ವಾರ ಏಳೇ ಯಾಕಿವೆ ಅಂತ ಯೋಚ್ನೆ ಮಾಡಿದೀರಾ?" ಎಂದರು.

ಸಾಹೇಬರು ಫ್ಯಾನಿನ ಕೆಳಗೆ ಕೂತೇ ಬೆವರೊರೆಸಿಕೊಂಡರು. ಮರುದಿನ ದೋಣಿಯವನು ಸರೋವರದ ನಟ್ಟನಡುವೆ ಹುಟ್ಟು ಎತ್ತಿಟ್ಟು, ದಿನ ಹೇಳುವವರೆಗೆ ದಡಕ್ಕೆ ಬರುವುದಿಲ್ಲವೆಂದು ಹೆದರಿಸಿದ. ಭಾವ ಅಲ್ಲಿಯೇ ನಿದ್ದೆ ಮಾಡಿದರು. ನನ್ನಾಕೆ ಕಣ್ಣೀರು ಹಾಕಿ ನೋಡಿದಳು. "ಅಣ್ಣಾ, ಬರೀ ಬಾಯಿಮಾತಿಗೆ ಹೇಳು. ನೀನು ನಿಜವಾಗಿ ಹೋಗೋದೇನೂ ಬೇಡ."

"ಬಾಯಿಮಾತು ಅಂದ್ರೇನು ಪುಟ್ಟೀ," ಎಂದರು ಭಾವ, ಗಂಭೀರವಾಗಿ. "ಆಡಿದ ಮೇಲೆ ನಡೀಬೇಕಲ್ಲ. ಅದಕ್ಕೇ ನಾನು ಆಡಲ್ಲ." ಈ ಒಂದು ವಿಷಯದಲ್ಲಿ ಅವರು ನನಗಿಂತಲೂ ಪ್ರಾಮಾಣಿಕರೆಂದು ನಾನು ಒಪ್ಪಬೇಕಾಯಿತು.

ಬ್ಯಾಂಕಿನ ಅಧಿಕಾರಿ, ಒಬ್ಬ ಮೇಡಂ, ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಲಾಡ್ಜಿನ ಯಜಮಾನ ಒಂದು ಕೋಣೆಯನ್ನು ಅವರಿಗಾಗಿ ಖಾಲಿ ಮಾಡಿಸಿದ್ದ. ಬೆಳಿಗ್ಗೆ ನಮ್ಮ ಮನೆಗೆ ಬಂದಾಗ ಅವರ ಹೆಗಲ ಮೇಲೆ, ಹುಬ್ಬಿನ ಮೇಲೆ ಬೂದಿಬಣ್ಣದ ಪುಡಿಯಿತ್ತು. ಒಂದು ಮಾತೂ ಆಡದೆ ಅದನ್ನು ಕೊಡವಿಕೊಂಡು ಪೆನ್ನು ತೆಗೆದರು. ಈ ಹೆಂಗಸು ಸೊನ್ನೆಗೂ ಹೆದರುವವರಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಕೋಣೆಯಲ್ಲಿ ಸಾಹೇಬರು, ನಾನು, ನನ್ನಾಕೆ. ಕಿಟಕಿಯಲ್ಲಿ ಟೈಲರಮ್ಮ, ದೋಣಿಯವನು, ಇನ್ನುಳಿದ ಬೀದಿ.

"ಬಂದ ಉದ್ದೇಶ?"

"ಹಲ್ಲು," ಎಂದರು ಭಾವ.

"ಹಲ್ಲು ಸರಿಹೋಯ್ತಾ?"

"ಮೂರನೇ ದಿನವೇ."

ಮೇಡಂ ಬರೆದುಕೊಂಡರು. "ಆಮೇಲೆ ಇನ್ನೂರಕ್ಕಿಂತ ಹೆಚ್ಚು ರಾತ್ರಿ ಇದೀರಿ. ಈ ಊರಲ್ಲಿ ನಿಮ್ಮನ್ನ ಹಿಡಿದಿಟ್ಟ ಆಕರ್ಷಣೆ ಏನು?"

ಸಾಹೇಬರು ಅವರ ಹಿಂದೆ ನಿಂತು, ಎರಡೂ ಕೈಗಳಿಂದ ಸರೋವರದ ಅಲೆಗಳನ್ನು ಮಾಡಿ ತೋರಿಸುತ್ತಿದ್ದರು. ಭಾವ ಅದನ್ನು ನೋಡಲಿಲ್ಲ. ಅವರು ನೆಲ ನೋಡುತ್ತಿದ್ದರು.

"ಆಕರ್ಷಣೆ ಗೀಕರ್ಷಣೆ ಏನಿಲ್ಲಮ್ಮ," ಎಂದರು. "ನಮ್ಮನೆಯವಳು ಹೆಡ್‌ಮಿಸ್ಟ್ರೆಸ್ಸು. ನಾನು ಹೊರಡುವಾಗ, 'ನಾಲ್ಕು ದಿನ ಅಂತೀರಿ, ನನ್ನ ಬಿಟ್ಟು ಎರಡು ದಿನ ಇರಕ್ಕಾಗಲ್ಲ ನಿಮ್ಗೆ, ಓಡಿ ಬರ್ತೀರಾ ನೋಡಿ' ಅಂದ್ಳು. ಮಕ್ಕಳಿಗೆ ಹೇಳಿದ ಹಾಗೆ, ಬೆರಳೆತ್ತಿ. ನಂಗೂ ರೋಷ ಬಂತು."

"ಅದಕ್ಕೆ ಎಂಟು ತಿಂಗಳಾ?"

"ಅವಳು ಬನ್ನಿ ಅನ್ಲಿ ಅಂತ ಕಾದೆ. ಅನ್ಲಿಲ್ಲ. ಹಂಗೇ ದಿನ ಹೋಯ್ತು. ಎರಡು ದಿನಕ್ಕೆ ಹೋಗಿದ್ರೂ ಒಂದು ಮರ್ಯಾದೆ ಇರ್ತಿತ್ತು. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?"

ನನ್ನಾಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕಿಟಕಿಯಿಂದ ಟೈಲರಮ್ಮನ "ಅಯ್ಯೋ ಪಾಪ" ಕೇಳಿಸಿತು. ಮೇಡಂ ಮಾತ್ರ ಪುಟ ತಿರುವಿದರು. ಏಳನೆಯ ಪ್ರಶ್ನೆ ಕೇಳಿದರು. ಭಾವ ನನ್ನ ಮುಖ ನೋಡಿದರು, ಸಾಹೇಬರ ಮುಖ ನೋಡಿದರು, ಬಾಯಿ ತೆರೆದರು, ಮುಚ್ಚಿದರು.

ಹೋಯಿತು ನನ್ನ ಕುರ್ಚಿ ಎಂದುಕೊಂಡೆ.

"ಉತ್ತರ ಬರದಿದ್ರೆ ವಾಸಸ್ಥಳದ ಮನೆಯವರನ್ನ ವಿಚಾರಿಸಬೇಕು ಅಂತ ನಿಯಮ ಇದೆ," ಎಂದರು ಮೇಡಂ. ನಂಬರು ಕೇಳಿ ಪಡೆದು, ಫೋನನ್ನು ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟರು. ಅತ್ತ ಕಡೆ ಶಾಲೆಯ ಮಕ್ಕಳ ಗದ್ದಲ; ಒಂದು ದನಿ "ಸೈಲೆನ್ಸ್!" ಎಂದಿತು.  ಸಾಹೇಬರು ಕೈಕಟ್ಟಿ ನೆಟ್ಟಗೆ ನಿಂತುಬಿಟ್ಟರು.

ಮೇಡಂ ತಾವು ಯಾರೆಂದು ವಿವರಿಸಿ ಕೇಳಿದರು: "ನಿಮ್ಮ ಯಜಮಾನರ ಖಾಯಂ ವಾಸಸ್ಥಳ ನಿಮ್ಮ ಮನೆ ಹೌದಾ, ಅಲ್ವಾ? ಒಂದೇ ಮಾತಲ್ಲಿ ಹೇಳಿ."

 ಭಾವ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಮತ್ತಿನ್ಯಾವ್ದು?" ಎಂದಿತು ಫೋನು, ಕೊನೆಗೆ. ದನಿ ಹೆಡ್‌ಮಿಸ್ಟ್ರೆಸ್ಸಿನದಾಗಿರಲಿಲ್ಲ, ಹೆಂಡತಿಯದಾಗಿತ್ತು. "ಮನೇಲಿ ಒಂದು ಗಡಿಯಾರಾನೂ ನೆಟ್ಟಗೆ ನಡೀತಿಲ್ಲ. ಬರೋದು ಯಾವಾಗಂತೆ? ಕೇಳಿ ಹೇಳಿ."

ಮೇಡಂ ಪೆನ್ನು ಎತ್ತಿ ಭಾವನ ಕಡೆ ತಿರುಗಿದರು. "ಯಾವಾಗ ಅಂತ ಕೇಳ್ತಿದಾರೆ."

"ಶುಕ್ರವಾರ," ಎಂದರು ಭಾವ.

ಕಿಟಕಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನ ಕೈ ಹಿಡಿದು ಜಗ್ಗಿದ ರಭಸಕ್ಕೆ ಭುಜ ಎರಡು ದಿನ ನೋಯಿತು. ಆದರೆ ಮೇಡಂ ಫೈಲು ಮುಚ್ಚಲಿಲ್ಲ.

"ಹದಿನಾಲ್ಕನೇ ಕಾಲಮ್ಮು ಸರಿಯಾಗಿದೆ. ಹದಿನೈದು ಬಾಕಿ, ಅದನ್ನ ತುಂಬೋದು ನಾನು. ಈ ಪ್ರವಾಸಿ ಮತ್ತೆ ಬರ್ತಾರಾ ಅನ್ನೋದು."

"ಬರ್ತಾರೆ, ಬರ್ತಾರೆ," ಎಂದರು ಸಾಹೇಬರು. "ಬರ್ತೀರಲ್ವಾ ಸ್ವಾಮಿ?"

"ಕೇಳ್ಬೇಡಿ! ಕೇಳಿದ್ರೆ ಮರ್ಯಾದೆಗೆ ಎಲ್ರೂ ಹೂಂ ಅಂತಾರೆ. ಇದನ್ನ ಗಮನಿಸಿ ಬರೀಬೇಕು. ಯಾರೂ ಒಂದು ಮಾತೂ ಹೇಳಿಕೊಡೋ ಹಾಗಿಲ್ಲ." ಆಮೇಲೆ ನನ್ನ ಕಡೆ ನೋಡಿ, ಸ್ವಲ್ಪ ಮೆತ್ತಗೆ, "ಹೋದೋನು ತಿರುಗಿ ನೋಡದ ಊರಿಗೆ ದೋಣಿಕಟ್ಟೆ ಕಟ್ಟಿ ಏನು ಮಾಡೋದು, ನೀವೇ ಹೇಳಿ," ಎಂದರು.

ನನಗೂ ಅದು ನ್ಯಾಯವಾಗಿಯೇ ಕಂಡಿತು. ಅದೇ ನನ್ನ ಕಷ್ಟ.

ನಮ್ಮೂರಿನಿಂದ ದಿನಕ್ಕೆ ಹೊರಡುವುದು ಒಂದೇ ಬಸ್ಸು, ಬೆಳಿಗ್ಗೆ ಒಂಬತ್ತಕ್ಕೆ. ಶುಕ್ರವಾರ ಭಾವನೂ ಮೇಡಮ್ಮೂ ಅದರಲ್ಲೇ ಹೋಗುವವರು. ಕಳಿಸಿಕೊಡಲು ಅರ್ಧ ಊರು ಸೇರಿತ್ತು. ಯಾರೂ ಮಾತಾಡುವಂತಿಲ್ಲವಾದ್ದರಿಂದ ಅದು ಹೆಣ ಸಾಗಿಸುವ ಗುಂಪಿನಂತೆ ಕಾಣುತ್ತಿತ್ತು. ಸಾಹೇಬರು ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು. ಮೇಡಂ ಕಿಟಕಿಯ ಪಕ್ಕ ಕುಳಿತು ತೊಡೆಯ ಮೇಲೆ ಫೈಲು ಬಿಚ್ಚಿಟ್ಟಿದ್ದರು. ಭಾವ ಹಿಂದಿನ ಸೀಟಿನಲ್ಲಿ, ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಮದುವಣಿಗನಂತೆ ನೆಟ್ಟಗೆ ಕುಳಿತಿದ್ದರು. ನನ್ನಾಕೆಗೆ ಕೈಬೀಸಿದರು. ನನಗೂ ಬೀಸಿದರು. ಮುಂದಿನ ಸಲ ಎಂಬ ಮಾತು ಮಾತ್ರ ಬರಲಿಲ್ಲ. ಡ್ರೈವರು ಇಂಜಿನ್ನು ಚಾಲೂ ಮಾಡಿದ. ಮೇಡಂ ಒಮ್ಮೆ ಗಡಿಯಾರ ನೋಡಿಕೊಂಡು, ಹದಿನೈದನೆಯ ಕಾಲಮ್ಮಿನ ಮೇಲೆ ಪೆನ್ನಿನ ಮೊನೆ ಇಟ್ಟರು.

ಕಂಡಕ್ಟರು ಭಾವನ ಬಳಿಗೆ ಬಂದ. "ಹೋಗೋದಷ್ಟೇನಾ, ಹೋಗಿ ಬರೋದಾ?"

ಎಲ್ಲರ ಕಣ್ಣೂ ಆ ಕಿಟಕಿಗೆ ನೆಟ್ಟವು. ಭಾವ ಜೇಬಿನಲ್ಲಿ ಕೈಯಿಟ್ಟು ಯೋಚಿಸಿದರು.

"ಹೋಗೋದಕ್ಕೆ ಒಂದು," ಎಂದರು. "ಬರೋದಕ್ಕೆ ಎರಡು ಕೊಡಪ್ಪ."

"ಅಂಥಾ ಟಿಕೀಟು ಇಲ್ಲ ಸಾರ್."

"ಇಲ್ದಿದ್ರೆ ಬರ್ಕೊಡು. ಅವಳೂ ನೋಡ್ಲಿ, ಎಂಥಾ ಊರಲ್ಲಿ ಇದ್ದೆ ನಾನು ಅಂತ. ರಜ ಸಿಕ್ಕಿದ ತಕ್ಷಣ ಇಬ್ರೂ ಬರ್ತೀವಿ."

ಸಾಹೇಬರ ಬಾಯಿಂದ ಕರವಸ್ತ್ರ ಬಿತ್ತು. ಮೇಡಂ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಹುಡುಕಿದರು. "ಒಂದು ಇದ್ದದ್ದು ಎರಡಾದ್ರೆ ಬೆಳವಣಿಗೆ ಶೇಕಡಾ ಎಷ್ಟಾಯ್ತ್ರೀ?"

ಮೂರು ಸಲ ಕೂಡಿ ನೋಡಲು ಸಮಯವಿರಲಿಲ್ಲ. "ನೂರು, ಮೇಡಂ!" ಎಂದು ಕೂಗಿದೆ. ಅವರು ಬರೆದರು; ಬಸ್ಸು ಹೊರಟಿತು. ಸಾಲ ಬಂದ ಹಾಗೇ; ಹನ್ನೊಂದು ವರ್ಷ ತಾತ್ಕಾಲಿಕನಾಗಿದ್ದ ನಾನು ಖಾಯಂ ಆದ ಹಾಗೇ. ಸಾಹೇಬರು ನನ್ನನ್ನು ಅಪ್ಪಿಕೊಂಡರು, ದೋಣಿಯವನು ಸಾಹೇಬರನ್ನು ಅಪ್ಪಿಕೊಂಡ.

ಈ ಸಂಭ್ರಮದಲ್ಲಿ ನನ್ನಾಕೆಯನ್ನು ಹುಡುಕಿದೆ. ಅವಳು ಗುಂಪಿನ ಅಂಚಿನಲ್ಲಿ, ಇಪ್ಪತ್ತು ದಿನ ಮಾತು ಬಿಟ್ಟಿದ್ದ ಟೈಲರಮ್ಮನ ಜೊತೆ ನಿಂತು, ಎರಡೂ ಕೈಗಳನ್ನು ಅಗಲಿಸಿ ಯಾವುದೋ ಅಳತೆ ತೋರಿಸುತ್ತಿದ್ದಳು. ಡಬಲ್ ಹಾಸಿಗೆಯ ಚಾದರದ ಅಳತೆ ಅದು ಎಂದು ತಿಳಿಯಲು ನನಗೆ ಸಂಖ್ಯಾಶಾಸ್ತ್ರ ಬೇಕಾಗಲಿಲ್ಲ.